ರಾಜಕೀಯ ಚರ್ಚೆಯಲ್ಲಿ ನಿಂದನೆಯನ್ನು ತಡೆದು ಭಿನ್ನಮತವನ್ನು ಉಳಿಸಿಕೊಳ್ಳುವುದು ಹೇಗೆ: ನಿರ್ವಾಹಕರಿಗೊಂದು ಸಮಗ್ರ ಮಾರ್ಗದರ್ಶಿ

ಆನ್‌ಲೈನ್‌ನಲ್ಲಿ ರಾಜಕೀಯ ಚರ್ಚೆ ನಡೆಸುವ ಹೊಣೆ ಹೊತ್ತವರು ಎರಡು ರೀತಿಯಲ್ಲಿ ಸೋಲಬಹುದು. ಬೈಗುಳಕ್ಕೆ ಬೇಸತ್ತು ತಿಳಿದವರೆಲ್ಲ ಒಬ್ಬೊಬ್ಬರಾಗಿ ಎದ್ದುಹೋಗಿ, ಗಂಟಲು ದೊಡ್ಡದಿರುವ ನಾಲ್ಕೈದು ಜನ ಮಾತ್ರ ಉಳಿಯುವುದು ಒಂದು ರೀತಿ. ನಿರ್ವಾಹಕರು ಕತ್ತರಿ ಹಿಡಿದು ಕೂತು, ತಮಗೆ ಒಪ್ಪಿಗೆಯಾಗದ ಮಾತನ್ನೆಲ್ಲ ಕತ್ತರಿಸುತ್ತ ಹೋಗಿ, ಕೊನೆಗೆ ಎಲ್ಲರೂ ಒಂದೇ ರಾಗ ಎಳೆಯುವ ಜಾಗವಾಗುವುದು ಇನ್ನೊಂದು ರೀತಿ. ಮೊದಲನೆಯದು ಎಲ್ಲರ ಕಣ್ಣಿಗೂ ಬೀಳುತ್ತದೆ. ಎರಡನೆಯದು ನಿರ್ವಾಹಕರ ಕಣ್ಣಿಗೆ ಬೀಳುವುದೇ ಇಲ್ಲ, ಏಕೆಂದರೆ ಅವರಿಗೆ ಆ ಜಾಗ ಬಹಳ ಶಾಂತವಾಗಿ, ಸಭ್ಯವಾಗಿ ಕಾಣುತ್ತಿರುತ್ತದೆ.

ಹಲವು ವರ್ಷ ಇಂತಹ ಚರ್ಚೆಗಳನ್ನು ಕಾಯ್ದ ಮೇಲೆ ನಾನು ಗಟ್ಟಿಯಾಗಿ ನಂಬಿರುವುದು ಇಷ್ಟು: ನಿರ್ವಾಹಕರಾದವರು ತೂಗಬೇಕಾದದ್ದು ನಡವಳಿಕೆಯನ್ನು, ಅಭಿಪ್ರಾಯವನ್ನು ತೂಗುವ ಅಧಿಕಾರ ಅವರಿಗಿಲ್ಲ. ಕೇಳಲು ಇದು ಸುಲಭ. ಆದರೆ ಪ್ರತಿದಿನ, ಪ್ರತಿ ಪ್ರತಿಕ್ರಿಯೆಯ ಮುಂದೆ ಇದನ್ನು ಪಾಲಿಸಲು ಸಿದ್ಧತೆ ಬೇಕು, ಅಭ್ಯಾಸ ಬೇಕು, ದಾಖಲೆ ಬೇಕು. ಆ ಕೆಲಸವನ್ನು ಹಂತಹಂತವಾಗಿ ಇಲ್ಲಿ ವಿವರಿಸುತ್ತೇನೆ.

ಮೊದಲ ಹೆಜ್ಜೆ: ಯಾರನ್ನು ಕಾಯಬೇಕು ಎಂಬುದನ್ನು ನಿರ್ಧರಿಸಿಕೊಳ್ಳಿ

ರಾಜಕೀಯದ ಮಾತು ನಾಲ್ಕು ಗುರಿಗಳ ಮೇಲೆ ಬೀಳುತ್ತದೆ. ನೀತಿ, ಸಿದ್ಧಾಂತ, ಪಕ್ಷ ಇವು ಒಂದು ಗುರಿ. ಅಧಿಕಾರದಲ್ಲಿರುವವರು ಮತ್ತು ಅಧಿಕಾರವನ್ನು ಬಯಸುವವರು ಎರಡನೆಯದು. ಚರ್ಚೆಯಲ್ಲಿ ಎದುರು ಕೂತಿರುವ ವ್ಯಕ್ತಿ ಮೂರನೆಯದು. ಜಾತಿ, ಧರ್ಮ, ಲಿಂಗ, ಜನಾಂಗ, ಅಂಗವೈಕಲ್ಯದಂತಹ ಗುರುತಿನಿಂದ ಒಂದಾಗಿರುವ ಜನಸಮೂಹ ನಾಲ್ಕನೆಯದು. ಮೊದಲನೆಯದಕ್ಕೆ ನಿಮ್ಮ ರಕ್ಷಣೆ ಬೇಕಾಗಿಲ್ಲ. ಯಾವ ನೀತಿಯನ್ನಾದರೂ ಎಷ್ಟು ಕಟುವಾಗಿಯಾದರೂ ಟೀಕಿಸಲು ಬಿಡಿ. ಎರಡನೆಯವರ ಕೆಲಸ, ಮಾತು, ಲೆಕ್ಕಪತ್ರ ಎಲ್ಲವೂ ಟೀಕೆಗೆ ತೆರೆದಿರಬೇಕು. ಅವರ ದೇಹ, ಮನೆಯ ಮಕ್ಕಳು, ಕಾಯಿಲೆ ಇವು ಹೊರಗಿರಬೇಕು. ಮೂರನೆಯ ಮತ್ತು ನಾಲ್ಕನೆಯ ಗುರಿಗಳನ್ನು ಕಾಯುವುದೇ ನಿಮ್ಮ ಮುಖ್ಯ ಕೆಲಸ.

ಈ ವಿಂಗಡಣೆಯನ್ನು ಮೊದಲೇ ಮಾಡಿಕೊಳ್ಳದಿದ್ದರೆ, ಹೆಚ್ಚು ಗಲಾಟೆ ಮಾಡುವವರ ನೋವೇ ದೊಡ್ಡ ನೋವಾಗಿ ಕಾಣತೊಡಗುತ್ತದೆ. ಬ್ರಿಟನ್ನಿನ ದಿ ಗಾರ್ಡಿಯನ್ ಪತ್ರಿಕೆ 2016ರಲ್ಲಿ ತನ್ನ ತಾಣಕ್ಕೆ ಬಂದಿದ್ದ 7 ಕೋಟಿ ಪ್ರತಿಕ್ರಿಯೆಗಳನ್ನು ಪರಿಶೀಲಿಸಿದಾಗ, ನಿರ್ವಾಹಕರು ತಡೆಹಿಡಿಯಬೇಕಾಗಿ ಬಂದ ಪ್ರತಿಕ್ರಿಯೆಗಳನ್ನು ಅತಿ ಹೆಚ್ಚು ಪಡೆದಿದ್ದ ಹತ್ತು ಲೇಖಕರಲ್ಲಿ ಎಂಟು ಮಂದಿ ಮಹಿಳೆಯರಾಗಿದ್ದರು. ಉಳಿದ ಇಬ್ಬರು ಕಪ್ಪುವರ್ಣೀಯ ಪುರುಷರು. ಅತಿ ಕಡಿಮೆ ಪಡೆದ ಹತ್ತು ಮಂದಿಯೂ ಪುರುಷರೇ. ಅಂದರೆ ನಿಂದನೆ ಎಲ್ಲರ ಮೇಲೂ ಸಮನಾಗಿ ಸುರಿಯುವ ಮಳೆಯಲ್ಲ. ಅದು ಯಾರ ಮೇಲೆ ಸುರಿಯುತ್ತಿದೆ ಎಂಬುದನ್ನು ನೋಡದೆ ಬರೆದ ನಿಯಮ ಅರ್ಧ ಕುರುಡಾಗಿರುತ್ತದೆ.

ಎರಡನೆಯ ಹೆಜ್ಜೆ: ನಿಯಮಗಳನ್ನು ಬರೆಯಿರಿ, ಉದಾಹರಣೆಯೊಂದಿಗೆ ಬರೆಯಿರಿ

‘ಸಭ್ಯವಾಗಿ ವರ್ತಿಸಿ’ ಎಂಬುದು ನಿಯಮವಲ್ಲ, ಹಾರೈಕೆ. ಯಾವ ಮಾತು ಅಳಿಸಿಹೋಗುತ್ತದೆ ಎಂಬುದನ್ನು ಹೊಸಬರೊಬ್ಬರು ಬರೆಯುವ ಮುಂಚೆಯೇ ಊಹಿಸುವಂತಿದ್ದರೆ ಮಾತ್ರ ಅದು ನಿಯಮ. ಏಳೆಂಟಕ್ಕಿಂತ ಹೆಚ್ಚು ನಿಯಮಗಳನ್ನು ಇಡಬೇಡಿ. ಪ್ರತಿಯೊಂದಕ್ಕೂ ಸಲ್ಲುವ ಒಂದು ಮಾತನ್ನೂ ಸಲ್ಲದ ಒಂದು ಮಾತನ್ನೂ ಜೊತೆಗೆ ಕೊಡಿ. ನಾನು ಬಳಸುವ ಒಂದು ನಿಯಮ ಹೀಗಿದೆ: ‘ವಾದವನ್ನು ಒಡೆಯಿರಿ, ವಾದಿಸುವವರನ್ನು ಬೇಡ. “ನಿಮ್ಮ ಲೆಕ್ಕದಲ್ಲಿ ಬಡ್ಡಿಯನ್ನು ಸೇರಿಸಿಲ್ಲ, ಹಾಗಾಗಿ ತೀರ್ಮಾನ ತಪ್ಪಾಗಿದೆ” ಎಂಬುದು ಇರುತ್ತದೆ. “ಲೆಕ್ಕ ಗೊತ್ತಿಲ್ಲದ ದಡ್ಡರೆಲ್ಲ ಇಲ್ಲಿ ಬಂದು ಬರೆಯುತ್ತಾರೆ” ಎಂಬುದು ಹೋಗುತ್ತದೆ.’

ಇವುಗಳಲ್ಲಿ ಒಂದು ನಿಯಮ ಖಾಸಗಿ ವಿವರಗಳ ಬಗ್ಗೆ ಇರಲೇಬೇಕು: ಯಾರ ಫೋನ್ ನಂಬರ್, ವಿಳಾಸ, ಕೆಲಸದ ಜಾಗ, ಮನೆಯವರ ಫೋಟೋ, ಯಾವುದನ್ನೂ ಹಾಕುವಂತಿಲ್ಲ, ಬೇರೆಡೆ ಬಹಿರಂಗವಾಗಿದ್ದರೂ ಹಾಕುವಂತಿಲ್ಲ. ಇನ್ನೊಂದು ನಿಯಮ ವಿಷಯಾಂತರದ ಬಗ್ಗೆ. ‘ಅವರ ಕಾಲದಲ್ಲಿ ಆದಾಗ ಎಲ್ಲಿದ್ದಿರಿ?’ ಎಂಬ ಪ್ರಶ್ನೆ ಬೈಗುಳವಲ್ಲ, ಆದರೆ ಅದೊಂದೇ ಪ್ರಶ್ನೆ ಎಷ್ಟೋ ಚರ್ಚೆಗಳನ್ನು ಹಳ್ಳ ಹಿಡಿಸಿದೆ. ಅಂತಹ ಮಾತನ್ನು ಅಳಿಸದೆ ಬೇರೊಂದು ಎಳೆಗೆ (ಥ್ರೆಡ್‌ಗೆ) ಸಾಗಿಸುವ ಅಧಿಕಾರ ನಿಮಗಿದೆ ಎಂದು ನಿಯಮದಲ್ಲೇ ಬರೆದಿಡಿ.

ಬರೆದ ಮೇಲೆ ಒಂದು ಪರೀಕ್ಷೆ ಮಾಡಿ. ನಿಮ್ಮ ರಾಜಕೀಯಕ್ಕೆ ಪೂರ್ತಿ ವಿರುದ್ಧವಾಗಿರುವ, ಆದರೆ ನೀವು ಗೌರವಿಸುವ ಒಬ್ಬರಿಗೆ ಆ ನಿಯಮಗಳನ್ನು ಕೊಟ್ಟು, ‘ಇವುಗಳಲ್ಲಿ ಯಾವುದನ್ನು ನಿಮ್ಮ ಕಡೆಯವರ ಬಾಯಿ ಮುಚ್ಚಿಸಲು ಬಳಸಬಹುದು ಎನಿಸುತ್ತದೆ?’ ಎಂದು ಕೇಳಿ. ಅವರು ಬೆರಳಿಟ್ಟ ಸಾಲನ್ನು ಮತ್ತೆ ಬರೆಯಿರಿ.

ಮೂರನೆಯ ಹೆಜ್ಜೆ: ಚರ್ಚೆ ಶುರುವಾಗುವ ಮುಂಚೆ ನೆಲ ಹದಮಾಡಿ

ನಿಂದನೆಯನ್ನು ಅಳಿಸುವುದಕ್ಕಿಂತ ಅದು ಹುಟ್ಟದಂತೆ ನೋಡಿಕೊಳ್ಳುವುದೇ ಹೆಚ್ಚು ಫಲ ಕೊಡುತ್ತದೆ. ಈ ಮಾತಿಗೆ ಒಳ್ಳೆಯ ಆಧಾರಗಳಿವೆ. ಅಮೆರಿಕದ ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಜನರಿಗೆ ಮೊದಲು ಸುಲಭವಾದ ಅಥವಾ ಕಷ್ಟವಾದ ಒಂದು ಪರೀಕ್ಷೆ ಕೊಟ್ಟು, ಆಮೇಲೆ ಒಂದು ಸುದ್ದಿಯ ಬಗ್ಗೆ ಬರೆಯಲು ಹೇಳಿದರು. ಮನಸ್ಸು ಚೆನ್ನಾಗಿದ್ದು, ಮೊದಲೇ ಇದ್ದ ಪ್ರತಿಕ್ರಿಯೆಗಳೂ ತಣ್ಣಗಿದ್ದಾಗ ಬಂದವುಗಳಲ್ಲಿ ಶೇ 35ರಷ್ಟು ಕೆಣಕುವ ಮಾತುಗಳಾಗಿದ್ದವು. ಮನಸ್ಸು ಕೆಟ್ಟು, ಕಣ್ಣೆದುರಿನ ಮೊದಲ ಪ್ರತಿಕ್ರಿಯೆಗಳೂ ಕೆಣಕುವಂತಿದ್ದಾಗ ಅದು ಶೇ 68ಕ್ಕೆ ಏರಿತು. ಬೈಯುವವರು ಹುಟ್ಟಾ ದುಷ್ಟರು ಎಂಬ ನಮ್ಮ ನಂಬಿಕೆ ಬಹುಪಾಲು ತಪ್ಪು. ಕೆಟ್ಟ ದಿನದಲ್ಲಿ, ಕೆಟ್ಟ ಮಾತಿನ ನೆರೆಯಲ್ಲಿ, ಸಾಮಾನ್ಯ ಮನುಷ್ಯರೇ ಹಾಗೆ ಬರೆಯುತ್ತಾರೆ.

ಹಾಗಾಗಿ ಮೊದಲ ಹತ್ತು ಪ್ರತಿಕ್ರಿಯೆಗಳ ಮೇಲೆ ನಿಮ್ಮ ಗಮನದ ಅರ್ಧ ಪಾಲು ಇರಲಿ. ಚರ್ಚೆಯನ್ನು ಪ್ರಕಟಿಸಿ ಊಟಕ್ಕೆ ಎದ್ದುಹೋಗಬೇಡಿ. ಮೊದಲ ಒಂದು ಗಂಟೆ ಅಲ್ಲೇ ಇರಿ. ವಿಷಯ ಗೊತ್ತಿರುವ, ನಿಧಾನವಾಗಿ ಮಾತಾಡುವ ಇಬ್ಬರು ಮೂವರನ್ನು, ಬೇರೆ ಬೇರೆ ನಿಲುವಿನವರನ್ನು, ಮೊದಲೇ ಬರೆಯುವಂತೆ ಕೇಳಿಕೊಳ್ಳಿ. ಪ್ರಶ್ನೆಯ ಮಾತುಕಟ್ಟನ್ನೂ ನೋಡಿಕೊಳ್ಳಿ. ‘ಮೀಸಲಾತಿ ಬೇಕೆ ಬೇಡವೆ?’ ಎಂದು ಕೇಳಿದರೆ ಎರಡು ದಂಡುಗಳು ಎದುರುಬದುರಾಗಿ ನಿಲ್ಲುತ್ತವೆ. ‘ಮೀಸಲಾತಿಯ ಪ್ರಯೋಜನ ತಲುಪಬೇಕಾದವರಿಗೆ ಎಲ್ಲಿ ತಲುಪಿದೆ, ಎಲ್ಲಿ ತಲುಪಿಲ್ಲ, ನೀವು ಕಂಡದ್ದೇನು?’ ಎಂದು ಕೇಳಿದರೆ ಜನ ತಾವು ಕಂಡದ್ದನ್ನು ಹೇಳಲು ತೊಡಗುತ್ತಾರೆ. ಸಿಟ್ಟು ಆಗಲೂ ಬರುತ್ತದೆ, ಆದರೆ ಅದರ ಜೊತೆಗೆ ಒಂದು ಅನುಭವವೂ ಬಂದಿರುತ್ತದೆ.

ನಿಯಮಗಳನ್ನು ಎಲ್ಲೋ ಒಂದು ಮೂಲೆಯ ಪುಟದಲ್ಲಿ ಹೂತಿಡದೆ ಪ್ರತಿ ಚರ್ಚೆಯ ತಲೆಯ ಮೇಲೇ ನಾಲ್ಕು ಸಾಲಿನಲ್ಲಿ ಕಾಣಿಸಿ. ರೆಡಿಟ್ ಎಂಬ ಚರ್ಚಾತಾಣದ ವಿಜ್ಞಾನ ಗುಂಪಿನಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೀಗೆ ನಿಯಮಗಳನ್ನು ಮೇಲೆಯೇ ತೋರಿಸಿದಾಗ ಹೊಸಬರು ನಿಯಮ ಪಾಲಿಸುವ ಪ್ರಮಾಣ 8 ಶೇಕಡಾ ಅಂಶಕ್ಕಿಂತ ಹೆಚ್ಚು ಏರಿತು. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಅದರ ಎರಡನೆಯ ಫಲಿತಾಂಶ: ಹೊಸಬರು ಮಾತಾಡಲು ಮುಂದೆ ಬರುವ ಪ್ರಮಾಣ ಸರಾಸರಿ ಶೇ 70ರಷ್ಟು ಹೆಚ್ಚಿತು. ನಿಯಮ ಜನರನ್ನು ಓಡಿಸುತ್ತದೆ ಎಂದು ಹೆದರುವವರು ಇದನ್ನು ಗಮನಿಸಬೇಕು. ನಾರ್ವೆಯ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಆರ್‌ಕೆ 2017ರಲ್ಲಿ ತನ್ನ ತಂತ್ರಜ್ಞಾನ ವಿಭಾಗದಲ್ಲಿ ಇನ್ನೊಂದು ದಾರಿ ಹಿಡಿಯಿತು: ಲೇಖನದ ಬಗ್ಗೆ ಮೂರು ಸಣ್ಣ ಪ್ರಶ್ನೆಗಳಿಗೆ ಸರಿಯುತ್ತರ ಕೊಟ್ಟವರು ಮಾತ್ರ ಪ್ರತಿಕ್ರಿಯೆ ಬರೆಯಬಹುದಿತ್ತು. ನಿಮ್ಮಲ್ಲಿ ಅಂತಹ ಸೌಲಭ್ಯವಿಲ್ಲದಿದ್ದರೆ, ಹೊಸ ಸದಸ್ಯರ ಮೊದಲ ಐದು ಪ್ರತಿಕ್ರಿಯೆಗಳನ್ನು ಓದಿ ಬಿಡುವ ವ್ಯವಸ್ಥೆ, ಒಬ್ಬರು ಎರಡು ಪ್ರತಿಕ್ರಿಯೆಗಳ ನಡುವೆ ಕೆಲವು ನಿಮಿಷ ಕಾಯಲೇಬೇಕೆಂಬ ವ್ಯವಸ್ಥೆ, ಇವೆರಡೇ ಸಾಕಷ್ಟು ಕೆಲಸ ಮಾಡುತ್ತವೆ.

ನಿಜನಾಮ ಕಡ್ಡಾಯ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ಸಲಹೆ ನಿಮಗೂ ಬರುತ್ತದೆ. ದಕ್ಷಿಣ ಕೊರಿಯಾ 2007ರಲ್ಲಿ ದೊಡ್ಡ ತಾಣಗಳಿಗೆ ಕಾನೂನಿನ ಮೂಲಕವೇ ಇದನ್ನು ಹೇರಿತು. 2012ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಆ ಕಾನೂನನ್ನು ಅಸಿಂಧುಗೊಳಿಸಿತು. ನನ್ನ ಅನುಭವವೂ ಅದರ ಪರವಾಗಿಲ್ಲ. ತಮ್ಮದೇ ಹೆಸರು, ತಮ್ಮದೇ ಫೋಟೋ ಹಾಕಿಕೊಂಡು ಕೊಳಕು ಮಾತು ಬರೆಯುವವರಿಗೆ ಕೊರತೆಯಿಲ್ಲ. ಸರ್ಕಾರಿ ನೌಕರರು, ಅಲ್ಪಸಂಖ್ಯಾತರು, ಮನೆಯವರಿಗೆ ತಿಳಿಯದಂತೆ ತಮ್ಮ ನಿಲುವು ಹೇಳಬೇಕಾದ ಹೆಣ್ಣುಮಕ್ಕಳು ಮಾತ್ರ ನಿಜನಾಮದ ಷರತ್ತಿಗೆ ಹೆದರಿ ಸುಮ್ಮನಾಗುತ್ತಾರೆ. ಒಬ್ಬರಿಗೆ ಒಂದೇ ಖಾತೆ, ಒಂದೇ ಅಡ್ಡಹೆಸರು, ಅದನ್ನು ಬದಲಿಸುವಂತಿಲ್ಲ ಎಂಬ ನಿಯಮ ಸಾಕು.

ನಾಲ್ಕನೆಯ ಹೆಜ್ಜೆ: ಒಂದೊಂದು ಪ್ರತಿಕ್ರಿಯೆಯನ್ನು ಓದುವ ಕ್ರಮ

ಈ ಕೆಲಸದ ತಿರುಳು ಇಲ್ಲಿದೆ. ಪ್ರತಿಕ್ರಿಯೆಯನ್ನು ಓದುವಾಗ ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಿ. ಈ ಮಾತು ಯಾರ ಮೇಲೆ ಬಿದ್ದಿದೆ? ಬೈಗುಳವನ್ನು ತೆಗೆದುಹಾಕಿದರೆ ಏನಾದರೂ ಉಳಿಯುತ್ತದೆಯೆ? ಇದನ್ನೇ ನನ್ನ ನಿಲುವಿನವರೊಬ್ಬರು ಬರೆದಿದ್ದರೆ ನಾನೇನು ಮಾಡುತ್ತಿದ್ದೆ?

ಇಂಧನ ತೆರಿಗೆಯ ಬಗ್ಗೆ ಚರ್ಚೆ ನಡೆಯುತ್ತಿದೆ ಎಂದುಕೊಳ್ಳಿ. ಒಬ್ಬರು ‘ಈ ತೆರಿಗೆ ಹಗಲುದರೋಡೆ, ಇದನ್ನು ರೂಪಿಸಿದವರಿಗೆ ಕನಿಷ್ಠ ನಾಚಿಕೆಯೂ ಇಲ್ಲ’ ಎಂದು ಬರೆದಿದ್ದಾರೆ. ಮಾತು ಬಿರುಸಾಗಿದೆ, ಆದರೆ ಅದು ನೀತಿಯ ಮೇಲೂ ಅಧಿಕಾರದಲ್ಲಿರುವವರ ಮೇಲೂ ಬಿದ್ದಿದೆ. ಮುಟ್ಟಬೇಡಿ. ಇನ್ನೊಬ್ಬರು ‘ತೆರಿಗೆಯಿಂದ ರಸ್ತೆಗೆ ಹಣ ಬರುತ್ತದೆ ಎಂದು ನಂಬಿರುವ ನಿಮ್ಮ ತಲೆಯಲ್ಲಿ ಇರುವುದು ಸಗಣಿ’ ಎಂದಿದ್ದಾರೆ. ಇಲ್ಲಿ ಒಂದು ವಾದವೂ ಇದೆ, ಒಂದು ಬೈಗುಳವೂ ಇದೆ. ವಾದಕ್ಕೆ ಬೆಲೆ ಕೊಟ್ಟು, ಬೈಗುಳವನ್ನು ತೆಗೆದು ಮತ್ತೆ ಹಾಕುವಂತೆ ಕೇಳಿ. ನೀವೇ ತಿದ್ದಲು ಹೋಗಬೇಡಿ. ಇನ್ನೊಬ್ಬರ ಮಾತನ್ನು ಅವರ ಹೆಸರಿನಲ್ಲಿ ತಿದ್ದಿ ಉಳಿಸುವುದು ಅಳಿಸುವುದಕ್ಕಿಂತ ದೊಡ್ಡ ತಪ್ಪು. ಮೂರನೆಯವರು ಬಹಳ ಸೌಮ್ಯವಾಗಿ ‘ಬಿಡಿ ಸಾರ್, ಆ ಜನ ತೆರಿಗೆ ಕಟ್ಟಿದ್ದು ಯಾವಾಗ, ಅವರ ರಕ್ತದಲ್ಲೇ ಇಲ್ಲ’ ಎಂದಿದ್ದಾರೆ. ಒಂದೂ ಕೆಟ್ಟ ಪದವಿಲ್ಲ, ‘ಸಾರ್’ ಎಂಬ ಮರ್ಯಾದೆಯೂ ಇದೆ. ಆದರೂ ಈ ಮೂರರಲ್ಲಿ ಮೊದಲು ಹೋಗಬೇಕಾದದ್ದು ಇದೇ, ಏಕೆಂದರೆ ಇದು ಒಂದು ಸಮುದಾಯವನ್ನು ಹುಟ್ಟಿನಿಂದಲೇ ಕಳ್ಳರೆನ್ನುತ್ತಿದೆ. ಕೆಟ್ಟ ಪದಗಳನ್ನಷ್ಟೇ ಹುಡುಕುವ ನಿರ್ವಾಹಕರು ಎರಡನೆಯದನ್ನು ಅಳಿಸಿ ಮೂರನೆಯದನ್ನು ಬಿಡುತ್ತಾರೆ. ನಾನೂ ಮೊದಲ ವರ್ಷ ಹಾಗೆಯೇ ಮಾಡಿದ್ದೆ. ಆ ಸಮುದಾಯದ ಸದಸ್ಯರೊಬ್ಬರು ಚರ್ಚೆಯನ್ನು ಬಿಟ್ಟುಹೋಗುವಾಗ ‘ಇಲ್ಲಿ ಬೈಯುವುದಕ್ಕೆ ಒಳ್ಳೆಯ ಭಾಷೆ ಗೊತ್ತಿದ್ದರೆ ಸಾಕು’ ಎಂದು ಬರೆದ ಸಾಲನ್ನು ನಾನು ಇವತ್ತಿಗೂ ಮರೆತಿಲ್ಲ.

ಕನ್ನಡದಲ್ಲಿ ಜಗಳ ಹತ್ತಿಕೊಳ್ಳುವ ಕ್ಷಣವನ್ನು ಸರ್ವನಾಮವೇ ತೋರಿಸಿಕೊಡುತ್ತದೆ. ‘ನೀವು ಕೊಟ್ಟ ಅಂಕಿ ಹಳೆಯದು’ ಎಂದು ಶುರುಮಾಡಿದವರು ನಾಲ್ಕನೆಯ ಉತ್ತರದ ಹೊತ್ತಿಗೆ ‘ನೀನು ಹೇಳೋದನ್ನ ಕೇಳೋಕೆ ಯಾರೂ ಕೂತಿಲ್ಲ’ ಎಂದರೆ, ಇನ್ನೂ ಬೈಗುಳ ಬಂದಿಲ್ಲ, ಆದರೆ ಮುಂದಿನ ಎರಡು ಉತ್ತರಗಳಲ್ಲಿ ಬರುತ್ತದೆ. ಮಧ್ಯೆ ಪ್ರವೇಶಿಸಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಅಳಿಸುವ ಅಗತ್ಯ ಇನ್ನೂ ಬಂದಿಲ್ಲದ ಈ ಹೊತ್ತಿನಲ್ಲಿ ‘ಇಬ್ಬರೂ ಬಹುವಚನಕ್ಕೆ ಮರಳಿದರೆ ಚರ್ಚೆ ಮುಂದುವರಿಸಬಹುದು’ ಎಂಬ ಒಂದೇ ಸಾಲು ಎಷ್ಟೋ ಬಾರಿ ಸಾಕಾಗಿದೆ. ಅಧಿಕಾರದಲ್ಲಿರುವವರನ್ನು ಏಕವಚನದಲ್ಲಿ ಕರೆದುದಕ್ಕೆ ನಾನು ಅಳಿಸುವುದಿಲ್ಲ. ಅದು ಜನರ ಹಳೆಯ ಸಲಿಗೆ. ಆದರೆ ಪುರುಷ ರಾಜಕಾರಣಿಗಳಿಗೆಲ್ಲ ‘ಅವರು’, ಮಹಿಳಾ ರಾಜಕಾರಣಿಗೆ ಮಾತ್ರ ‘ಅವಳು’ ಎನ್ನುವವರಿಗೆ ಅದನ್ನು ಎತ್ತಿ ತೋರಿಸಿ ಬರೆಯುತ್ತೇನೆ. ಹೆಚ್ಚಿನವರು ಗಮನಿಸಿಯೇ ಇರುವುದಿಲ್ಲ, ತಿದ್ದಿಕೊಳ್ಳುತ್ತಾರೆ.

ಐದನೆಯ ಹೆಜ್ಜೆ: ಕ್ರಮ ಕೈಗೊಳ್ಳುವ ಮೆಟ್ಟಿಲುಗಳು

ಎಲ್ಲ ತಪ್ಪಿಗೂ ಬ್ಯಾನ್ ಮದ್ದಲ್ಲ. ಕೆಳಗಿನ ಮೆಟ್ಟಿಲಿನಿಂದ ಹತ್ತುತ್ತ ಹೋಗಿ: ಬಹಿರಂಗವಾಗಿ ಒಂದು ಸಾಲಿನ ನೆನಪು, ಪ್ರತಿಕ್ರಿಯೆಯನ್ನು ಮರೆಮಾಡಿ ತಿದ್ದಲು ಅವಕಾಶ, ಅಳಿಸುವುದು ಮತ್ತು ಖಾಸಗಿ ಎಚ್ಚರಿಕೆ, ಒಂದು ದಿನದಿಂದ ಒಂದು ವಾರದವರೆಗೆ ಬರೆಯುವ ಅವಕಾಶವನ್ನು ತಡೆಹಿಡಿಯುವುದು, ಕೊನೆಗೆ ಹೊರಹಾಕುವುದು. ಎರಡು ಸಂದರ್ಭಗಳಲ್ಲಿ ಮಾತ್ರ ನೇರವಾಗಿ ಕೊನೆಯ ಮೆಟ್ಟಿಲಿಗೆ ಹೋಗಿ: ಹಿಂಸೆಯ ಬೆದರಿಕೆ ಮತ್ತು ಖಾಸಗಿ ವಿವರಗಳ ಬಯಲು.

ಅಳಿಸಿದಾಗ ಕಾರಣವನ್ನು ಹೇಳಲೇಬೇಕು. ರೆಡಿಟ್‌ನ 3 ಕೋಟಿ 20 ಲಕ್ಷ ಪೋಸ್ಟ್‌ಗಳನ್ನು ಆಧರಿಸಿದ 2019ರ ಅಧ್ಯಯನವೊಂದು, ಅಳಿಸಿದ್ದಕ್ಕೆ ಕಾರಣ ತಿಳಿಸಿದಾಗ ಅದೇ ಸದಸ್ಯರ ಮುಂದಿನ ಪೋಸ್ಟ್‌ಗಳು ಅಳಿಸಿಹೋಗುವ ಸಾಧ್ಯತೆ ಕಡಿಮೆಯಾಗುವುದನ್ನು ಕಂಡಿದೆ. ಕಾರಣ ಹೇಳದೆ ಅಳಿಸಿದರೆ ರಾಜಕೀಯ ಚರ್ಚೆಯಲ್ಲಿ ಇನ್ನೊಂದು ಕೇಡೂ ಇದೆ: ಅಳಿಸಿಸಿಕೊಂಡವರು ತಮ್ಮ ಮಾತು ಸತ್ಯವಾಗಿದ್ದರಿಂದಲೇ ಅಳಿಸಿದರು ಎಂದು ನಂಬುತ್ತಾರೆ, ಇತರರನ್ನೂ ನಂಬಿಸುತ್ತಾರೆ.

ಅಳಿಸಿದ್ದನ್ನು ತಿಳಿಸುವ ಪತ್ರ ಹೀಗಿರಲಿ: ‘ನಮಸ್ಕಾರ. ಇಂಧನ ತೆರಿಗೆಯ ಚರ್ಚೆಯಲ್ಲಿ ನೀವು ಬರೆದ ಪ್ರತಿಕ್ರಿಯೆಯನ್ನು ಎರಡನೆಯ ನಿಯಮದಂತೆ ತೆಗೆದಿದ್ದೇವೆ. ತೊಂದರೆಯಿರುವುದು ಕೊನೆಯ ಸಾಲಿನಲ್ಲಿ. ಅದು ಎದುರಿನವರ ಬುದ್ಧಿಯನ್ನು ಹೀಯಾಳಿಸುತ್ತದೆ. ರಸ್ತೆ ನಿಧಿಯ ಬಗ್ಗೆ ನೀವು ಎತ್ತಿದ ಪ್ರಶ್ನೆ ಚರ್ಚೆಗೆ ಬೇಕಾದದ್ದು. ಕೊನೆಯ ಸಾಲನ್ನು ಬಿಟ್ಟು ಮತ್ತೆ ಹಾಕಿದರೆ ಉಳಿಸಿಕೊಳ್ಳುತ್ತೇವೆ. ಈ ನಿರ್ಧಾರ ತಪ್ಪೆನಿಸಿದರೆ ಏಳು ದಿನದೊಳಗೆ ಬರೆಯಿರಿ, ಬೇರೊಬ್ಬ ನಿರ್ವಾಹಕರು ನೋಡುತ್ತಾರೆ.’ ಇದರಲ್ಲಿ ಉಪದೇಶವಿಲ್ಲ. ‘ನಿಮ್ಮಂತಹ ವಿದ್ಯಾವಂತರು ಹೀಗೆ ಬರೆಯಬಹುದೇ’ ಎಂಬಂತಹ ಮಾತು ಬೇಡವೇ ಬೇಡ. ಅದಕ್ಕೆ ಉತ್ತರವಾಗಿ ಮೂರು ಪುಟದ ಜಗಳ ಬರುತ್ತದೆ.

ಹೊರಹಾಕುವುದರಿಂದ ಪ್ರಯೋಜನವಿಲ್ಲ, ಇನ್ನೊಂದು ಕಡೆ ಹೋಗಿ ಅದನ್ನೇ ಮಾಡುತ್ತಾರೆ ಎನ್ನುವವರಿದ್ದಾರೆ. ರೆಡಿಟ್ 2015ರಲ್ಲಿ ಎರಡು ದ್ವೇಷದ ಗುಂಪುಗಳನ್ನು ಮುಚ್ಚಿದ ಮೇಲೆ ಏನಾಯಿತೆಂದು 2017ರಲ್ಲಿ ಸಂಶೋಧಕರು ಪರಿಶೀಲಿಸಿದರು. ಆ ಗುಂಪುಗಳ ಹಲವರು ತಾಣವನ್ನೇ ಬಿಟ್ಟಿದ್ದರು. ಉಳಿದವರ ದ್ವೇಷದ ಮಾತುಗಳ ಬಳಕೆ ಕನಿಷ್ಠ ಶೇ 80ರಷ್ಟು ಇಳಿದಿತ್ತು. ಸುತ್ತಲಿನ ಜಾಗ ಬದಲಾದರೆ ಮಾತೂ ಬದಲಾಗುತ್ತದೆ.

ಆರನೆಯ ಹೆಜ್ಜೆ: ನಿಮ್ಮ ನ್ಯಾಯವನ್ನು ನೀವೇ ಪರೀಕ್ಷಿಸಿ

ಪ್ರತಿ ಕ್ರಮಕ್ಕೂ ಒಂದು ಸಾಲಿನ ದಾಖಲೆ ಇಡಿ: ದಿನಾಂಕ, ಪ್ರತಿಕ್ರಿಯೆಯ ಪೂರ್ತಿ ಪಠ್ಯ, ಯಾವ ನಿಯಮ, ಏನು ಕ್ರಮ, ಯಾರು ಕೈಗೊಂಡರು, ಬರೆದವರು ಯಾವ ನಿಲುವಿನ ಪರ. ಕೊನೆಯ ಅಂಕಣ ಬರೆಯುವಾಗ ಮುಜುಗರವಾಗುತ್ತದೆ. ಆದರೂ ಬರೆಯಿರಿ, ಅದನ್ನು ನಿರ್ವಾಹಕರ ಹೊರಗೆ ಯಾರಿಗೂ ತೋರಿಸಬೇಡಿ. ತಿಂಗಳಿಗೊಮ್ಮೆ ಆ ಪಟ್ಟಿಯನ್ನು ತೆರೆದು, ಎರಡು ಕಡೆಯವರ ಒಂದೇ ತೂಕದ ಮಾತುಗಳಿಗೆ ಒಂದೇ ಕ್ರಮವಾಗಿದೆಯೇ ಎಂದು ನೋಡಿ. ಎರಡೂ ಕಡೆ ಸಮನಾದ ಸಂಖ್ಯೆಯಲ್ಲಿ ಅಳಿಸಿರಬೇಕೆಂದೇನೂ ಇಲ್ಲ, ಒಂದು ಕಡೆಯವರು ನಿಜವಾಗಿಯೂ ಹೆಚ್ಚು ಬೈದಿರಬಹುದು. ನೋಡಬೇಕಾದದ್ದು ಒಂದೇ ತರಹದ ಮಾತನ್ನು. ಹೆಸರು, ಪಕ್ಷದ ಗುರುತು ಎಲ್ಲವನ್ನೂ ಅಳಿಸಿದ ಇಪ್ಪತ್ತು ಹಳೆಯ ಪ್ರತಿಕ್ರಿಯೆಗಳನ್ನು ಇಬ್ಬರು ನಿರ್ವಾಹಕರು ಬೇರೆ ಬೇರೆಯಾಗಿ ಮತ್ತೆ ತೀರ್ಮಾನಿಸಿ, ಉತ್ತರಗಳನ್ನು ಹೋಲಿಸುವುದು ಇನ್ನೂ ಒಳ್ಳೆಯದು. ಉತ್ತರಗಳು ಎಲ್ಲಿ ಬೇರೆಯಾಗುತ್ತವೆಯೋ ಅಲ್ಲಿ ನಿಯಮದ ಮಾತು ಸಡಿಲವಾಗಿದೆ ಎಂದರ್ಥ.

ವಾದಿಸುವವರು ತೀರ್ಪು ಕೊಡಬಾರದು. ಸ್ಲಾಶ್‌ಡಾಟ್ ಎಂಬ ತಂತ್ರಜ್ಞಾನ ತಾಣ ಎಷ್ಟೋ ವರ್ಷಗಳ ಹಿಂದೆಯೇ ಇದನ್ನು ವ್ಯವಸ್ಥೆಯೊಳಗೆ ಕಟ್ಟಿತ್ತು. ಅಲ್ಲಿ ಸದಸ್ಯರಿಗೆ ಇತರರ ಪ್ರತಿಕ್ರಿಯೆಗಳಿಗೆ ಅಂಕ ಕೊಡುವ ಅಧಿಕಾರ ಕೆಲವು ದಿನಗಳ ಮಟ್ಟಿಗೆ, ಎಣಿಸಿ ಕೊಟ್ಟ ಕೆಲವೇ ಅಂಕಗಳೊಂದಿಗೆ ಸಿಗುತ್ತಿತ್ತು. ಅಂಕ ಕೊಟ್ಟ ಚರ್ಚೆಯಲ್ಲೇ ತಾವೂ ಮಾತಾಡಿದರೆ ಕೊಟ್ಟ ಅಂಕಗಳೆಲ್ಲ ರದ್ದಾಗುತ್ತಿದ್ದವು. ನಿಮ್ಮಲ್ಲಿ ಅಂತಹ ಯಂತ್ರವಿಲ್ಲದಿದ್ದರೂ ನಿಯಮವನ್ನು ಪಾಲಿಸಬಹುದು: ಒಂದು ಚರ್ಚೆಯಲ್ಲಿ ನಿಮ್ಮ ಅಭಿಪ್ರಾಯ ಬರೆದಿರೋ, ಅಲ್ಲಿ ಅಳಿಸುವ ಕೆಲಸವನ್ನು ಸಹನಿರ್ವಾಹಕರಿಗೆ ಬಿಡಿ. ಮೇಲ್ಮನವಿಯನ್ನೂ ಮೊದಲು ತೀರ್ಮಾನಿಸಿದವರು ನೋಡಬಾರದು. ತಪ್ಪಾಗಿದ್ದರೆ ಪ್ರತಿಕ್ರಿಯೆಯನ್ನು ಮರಳಿ ಹಾಕಿ, ‘ಇದನ್ನು ತಪ್ಪಾಗಿ ತೆಗೆದಿದ್ದೆವು’ ಎಂದು ಅದೇ ಜಾಗದಲ್ಲಿ ಬರೆಯಿರಿ.

ಏಳನೆಯ ಹೆಜ್ಜೆ: ಪ್ರವಾಹದ ದಿನಗಳು

ಮತ ಎಣಿಕೆ, ದೊಡ್ಡ ತೀರ್ಪು, ಗಲಭೆ, ನಾಯಕರ ಸಾವು. ಇಂತಹ ದಿನಗಳಲ್ಲಿ ಸಾಮಾನ್ಯ ದಿನಗಳ ಹತ್ತು ಪಟ್ಟು ಪ್ರತಿಕ್ರಿಯೆ ಬರಬಹುದು, ಹೊರಗಿನಿಂದ ದಂಡುಗಟ್ಟಿಯೂ ಬರಬಹುದು. ಒಂದು ಎಣಿಕೆಯ ರಾತ್ರಿ ನಾನು ಒಬ್ಬನೇ ಕೂತಿದ್ದೆ. ಒಂದು ಗಂಟೆಯ ಹೊತ್ತಿಗೆ ಕೈಸೋತು, ಎಳೆಯನ್ನು ಬುಡಸಮೇತ ಡಿಲೀಟ್ ಮಾಡಿದೆ. ಬೈಗುಳಗಳ ಜೊತೆಗೆ, ಸೋತ ಪಕ್ಷದ ಕಾರ್ಯಕರ್ತರೊಬ್ಬರು ತಮ್ಮ ಪಕ್ಷ ಎಲ್ಲಿ ಎಡವಿತು ಎಂದು ಎರಡು ತಾಸು ಕೂತು ಬರೆದಿದ್ದ ದೀರ್ಘ ಪ್ರತಿಕ್ರಿಯೆಯೂ ಹೋಯಿತು. ಅವರ ಬಳಿ ಪ್ರತಿ ಇರಲಿಲ್ಲ. ಕ್ಷಮೆ ಕೇಳಿದೆ, ಅವರು ಮತ್ತೆ ಬರೆಯಲಿಲ್ಲ. ಅಂದಿನಿಂದ ನನ್ನ ಕಟ್ಟುನಿಟ್ಟಿನ ಪದ್ಧತಿ ಇದು: ಕೈಮೀರಿದಾಗ ಎಳೆಗೆ ಬೀಗ ಹಾಕಿ, ಅಳಿಸಬೇಡಿ. ‘ಬೆಳಿಗ್ಗೆ ಎಂಟಕ್ಕೆ ಮತ್ತೆ ತೆರೆಯುತ್ತೇವೆ’ ಎಂದು ಬರೆದು ಮಲಗಿ. ಬೆಳಿಗ್ಗೆ ಒಂದೊಂದನ್ನೇ ಓದಿ ತೀರ್ಮಾನಿಸಿ.

ಮೊದಲೇ ಗೊತ್ತಿರುವ ದಿನಗಳಿಗೆ ಸರದಿ ಪಟ್ಟಿ ಮಾಡಿ. ಒಬ್ಬರು ಎರಡು ಗಂಟೆಗಿಂತ ಹೆಚ್ಚು ಕೂರಬಾರದು. ಹೊಸ ಖಾತೆಗಳಿಗೆ ಆ ದಿನ ಬರೆಯುವ ಅವಕಾಶವನ್ನು ನಿಲ್ಲಿಸಿ. ಒಂದೇ ವಾಕ್ಯ ಬೇರೆ ಬೇರೆ ಹೆಸರಿನಲ್ಲಿ ಬರುತ್ತಿದ್ದರೆ, ಗಂಟೆಯೊಳಗೆ ಹುಟ್ಟಿದ ಹತ್ತಾರು ಖಾತೆಗಳು ಒಬ್ಬರನ್ನೇ ಗುರಿಮಾಡುತ್ತಿದ್ದರೆ, ಅದನ್ನು ಅಭಿಪ್ರಾಯವೆಂದು ತೂಗುತ್ತ ಕೂರಬೇಡಿ, ಒಟ್ಟಾಗಿ ತಡೆಯಿರಿ.

ಎಂಟನೆಯ ಹೆಜ್ಜೆ: ಯಂತ್ರಕ್ಕೆ ಎಷ್ಟು ಬಿಡಬೇಕು

ನಿಷೇಧಿತ ಪದಗಳ ಪಟ್ಟಿ ಮಾಡಿ ತಂತ್ರಾಂಶಕ್ಕೆ ಕೊಟ್ಟರೆ ಕೆಲಸ ಮುಗಿಯಿತೆಂದು ಅನಿಸುತ್ತದೆ. ಕನ್ನಡದಲ್ಲಿ ಅದು ಬಹುಬೇಗ ಸೋಲುತ್ತದೆ. ‘ನಾಯಿ’ ಎಂಬ ಪದವನ್ನು ತಡೆದರೆ ಬೀದಿನಾಯಿಗಳ ನಿಯಂತ್ರಣದ ಬಗ್ಗೆ ನಡೆಯುವ ಚರ್ಚೆಯೇ ನಿಲ್ಲುತ್ತದೆ. ಹಾಗೆಂದು ಅದೇ ರೂಪವನ್ನಷ್ಟೇ ತಡೆದರೆ ಪ್ರತ್ಯಯ ಸೇರಿದ, ಸಂಧಿಯಾದ, ಆಡುಮಾತಿನಲ್ಲಿ ಮೊಟಕಾದ ರೂಪಗಳೆಲ್ಲ ನುಸುಳುತ್ತವೆ. ರೋಮನ್ ಲಿಪಿಯಲ್ಲಿ ಬರೆದ ಕನ್ನಡಕ್ಕೆ ಸ್ಥಿರವಾದ ಕಾಗುಣಿತವೇ ಇಲ್ಲ. ಅಕ್ಷರಗಳ ನಡುವೆ ಚುಕ್ಕಿ ಇಟ್ಟವರು, ಎಮೋಜಿಯಿಂದಲೇ ಬೈದವರು ಬೇರೆ. ಗೂಗಲ್ ಬಳಗದ ಜಿಗ್‌ಸಾ ಸಂಸ್ಥೆ 2017ರಲ್ಲಿ ಬಿಡುಗಡೆ ಮಾಡಿದ ಪರ್ಸ್‌ಪೆಕ್ಟಿವ್ ಎಂಬ ಉಪಕರಣ ಮಾತಿನ ವಿಷವನ್ನು ಅಳೆದು ಅಂಕ ಕೊಡುತ್ತಿತ್ತು. ಉದಾಹರಣೆಗಳಿಂದ ಕಲಿಯುವ ಅಂತಹ ಯಂತ್ರದಲ್ಲೂ, ಸಲಿಂಗಿಗಳಂತಹ ಸಮುದಾಯದ ಹೆಸರು ಬಂದರೆ ಸಾಕು, ನಿರುಪದ್ರವಿ ವಾಕ್ಯಕ್ಕೂ ಹೆಚ್ಚಿನ ಅಂಕ ಬೀಳುವ ದೋಷ ಕಂಡುಬಂದಿತ್ತು. ಸದಾ ಬೈಸಿಕೊಳ್ಳುವವರ ಹೆಸರು ಬೈಗುಳದ ಪಕ್ಕದಲ್ಲೇ ಕಾಣಿಸಿಕೊಳ್ಳುವುದರಿಂದ ಯಂತ್ರ ಆ ಹೆಸರನ್ನೇ ಬೈಗುಳವೆಂದು ಕಲಿಯುತ್ತದೆ. ಆದ್ದರಿಂದ ಯಂತ್ರಕ್ಕೆ ಎತ್ತಿ ತೋರಿಸುವ ಕೆಲಸ ಕೊಡಿ. ಅಳಿಸುವ ಬೆರಳು ಮನುಷ್ಯರದೇ ಆಗಿರಲಿ.

ಸದಸ್ಯರ ದೂರುಗಳನ್ನೂ ಹೀಗೆಯೇ ನೋಡಿ. ಒಂದು ಪ್ರತಿಕ್ರಿಯೆಯ ಮೇಲೆ ನಲವತ್ತು ದೂರು ಬಂದಿದ್ದರೆ ಅದು ನಿಂದನೆಯಾಗಿರಬಹುದು, ಅಥವಾ ನಲವತ್ತು ಜನರಿಗೆ ಕಹಿಯಾದ ಸತ್ಯವಾಗಿರಬಹುದು. ದೂರಿನ ಸಂಖ್ಯೆ ಯಾವುದನ್ನು ಮೊದಲು ಓದಬೇಕೆಂದು ಹೇಳುತ್ತದೆ, ಅಷ್ಟೇ.

ಒಂಬತ್ತನೆಯ ಹೆಜ್ಜೆ: ಬೆದರಿಕೆ ಬಂದಾಗ

‘ನಿನ್ನ ಮನೆ ಎಲ್ಲಿದೆ ಗೊತ್ತು, ಹೊರಗೆ ಬಾ ನೋಡ್ಕೋತೀನಿ’ ಎಂಬ ಮಾತು ಬಂದರೆ ಮೊದಲ ಕೆಲಸ ಅಳಿಸುವುದಲ್ಲ. ಪೂರ್ತಿ ಎಳೆಯ ಸ್ಕ್ರೀನ್‌ಶಾಟ್, ಕೊಂಡಿ, ದಿನಾಂಕ, ಸಮಯ, ಖಾತೆಯ ವಿವರ ಎಲ್ಲವನ್ನೂ ಉಳಿಸಿಕೊಳ್ಳಿ. ಆಮೇಲೆ ಮರೆಮಾಡಿ, ಖಾತೆಯನ್ನು ತಡೆಯಿರಿ. ಬೆದರಿಕೆಗೆ ಗುರಿಯಾದವರಿಗೆ ನೀವೇ ಮೊದಲು ತಿಳಿಸಿ, ಅವರು ಪೊಲೀಸರಿಗೆ ದೂರು ಕೊಡುವುದಾದರೆ ದಾಖಲೆಗಳನ್ನು ಕೊಡುವುದಾಗಿ ಹೇಳಿ. ದೂರು ಕೊಡಬೇಕೋ ಬೇಡವೋ ಎಂಬುದು ಅವರ ತೀರ್ಮಾನ. ಒತ್ತಾಯ ಮಾಡಬೇಡಿ, ‘ಅವನು ಸುಮ್ಮನೆ ಹೇಳಿದ್ದಾನೆ ಬಿಡಿ’ ಎಂದು ಹಗುರಗೊಳಿಸಲೂ ಬೇಡಿ.

ನಿರ್ವಾಹಕರ ಹೊಣೆ ಎಷ್ಟು ಎಂಬುದರಲ್ಲಿ ಕಾನೂನುಗಳು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ 1996ರ ಕಾನೂನಿನ 230ನೆಯ ಕಲಂ ಇತರರು ಬರೆದ ಮಾತಿಗೆ ತಾಣದವರನ್ನು ಬಹುಮಟ್ಟಿಗೆ ಹೊಣೆ ಮಾಡುವುದಿಲ್ಲ. ಎಸ್ಟೋನಿಯಾದ ಡೆಲ್ಫಿ ಸುದ್ದಿತಾಣದ ಪ್ರಕರಣದಲ್ಲಾದರೋ, ದ್ವೇಷದ ಪ್ರತಿಕ್ರಿಯೆಗಳು ಸುಮಾರು ಆರು ವಾರ ಹಾಗೆಯೇ ಉಳಿದಿದ್ದಕ್ಕೆ ತಾಣವನ್ನು ಹೊಣೆ ಮಾಡಿದ್ದನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2015ರಲ್ಲಿ ಎತ್ತಿಹಿಡಿಯಿತು. ಯುರೋಪಿಯನ್ ಒಕ್ಕೂಟದ 2022ರ ಡಿಜಿಟಲ್ ಸೇವೆಗಳ ಕಾಯ್ದೆ ಇನ್ನೂ ಮುಂದೆ ಹೋಗಿ, ಅಳಿಸಿದ್ದಕ್ಕೆ ಕಾರಣ ತಿಳಿಸುವುದನ್ನು ಕರ್ತವ್ಯವಾಗಿಸಿದೆ. ನಿಮ್ಮ ಚರ್ಚೆಗೆ ಯಾವ ಕಾನೂನು ಅನ್ವಯಿಸುತ್ತದೆ ಎಂಬುದನ್ನು ವಕೀಲರೊಬ್ಬರನ್ನು ಕೇಳಿ, ಒಂದು ಪುಟದಲ್ಲಿ ಬರೆಸಿಟ್ಟುಕೊಳ್ಳಿ.

ಹತ್ತನೆಯ ಹೆಜ್ಜೆ: ಕಾಯುವವರನ್ನು ಕಾಯುವುದು

ದಿನವೂ ಕೊಳಕನ್ನು ಓದುವುದರಿಂದ ಮನಸ್ಸಿಗೆ ಗಾಯವಾಗುತ್ತದೆ. ಇದು ದುರ್ಬಲರಿಗೆ ಮಾತ್ರ ಬರುವ ತೊಂದರೆಯಲ್ಲ. ಕೆಲಸದಿಂದ ಮಾನಸಿಕ ಆಘಾತಕ್ಕೆ ಒಳಗಾದೆವೆಂದು ಮೊಕದ್ದಮೆ ಹೂಡಿದ ನಿರ್ವಾಹಕರಿಗೆ 5 ಕೋಟಿ 20 ಲಕ್ಷ ಡಾಲರ್ ಪರಿಹಾರ ಕೊಡಲು ಫೇಸ್‌ಬುಕ್ 2020ರಲ್ಲಿ ಒಪ್ಪಿಕೊಂಡಿತು. ಸ್ವಯಂಸೇವಕರಾಗಿ ಈ ಕೆಲಸ ಮಾಡುವವರಿಗೆ ಅಂತಹ ಪರಿಹಾರವೂ ಇರುವುದಿಲ್ಲ, ಆದ್ದರಿಂದ ವ್ಯವಸ್ಥೆಯನ್ನು ನೀವೇ ಮಾಡಿಕೊಳ್ಳಬೇಕು. ಚಿತ್ರಗಳನ್ನು ಮಸುಕುಗೊಳಿಸಿ ನೋಡಿ. ಮಲಗುವ ಮುಂಚಿನ ಗಂಟೆಯಲ್ಲಿ ದೂರುಗಳನ್ನು ತೆರೆಯಬೇಡಿ. ನಿರ್ವಾಹಕರ ಮೇಲೆಯೇ ನಿಂದನೆ ಬಂದರೆ ಆ ನಿರ್ವಾಹಕರು ಅದನ್ನು ಮುಟ್ಟದೆ ಇನ್ನೊಬ್ಬರು ತೀರ್ಮಾನಿಸಲಿ. ಒಂದು ಜಾತಿಯ, ಧರ್ಮದ, ಲಿಂಗದ ಮೇಲಿನ ದ್ವೇಷವನ್ನು ಓದುವ ಕೆಲಸ ಸದಾ ಅದೇ ಸಮುದಾಯದ ನಿರ್ವಾಹಕರ ಪಾಲಿಗೆ ಬೀಳದಂತೆ ಸರದಿಯನ್ನು ಹಾಕಿ. ಆರು ತಿಂಗಳಿಗೊಮ್ಮೆ ಪ್ರತಿಯೊಬ್ಬರೂ ಒಂದು ತಿಂಗಳು ಪೂರ್ತಿ ರಜೆ ತೆಗೆದುಕೊಳ್ಳಲಿ, ಆ ತಿಂಗಳಲ್ಲಿ ಅವರ ಅಡ್ಮಿನ್ ಅಧಿಕಾರವನ್ನೂ ತೆಗೆದಿಡಿ. ಇಲ್ಲದಿದ್ದರೆ ರಾತ್ರಿ ಹನ್ನೊಂದಕ್ಕೆ ‘ಒಂದೇ ಒಂದು ನೋಡಿಬಿಡೋಣ’ ಎಂದು ತೆರೆಯುತ್ತಾರೆ. ರಜೆಯಿಂದ ಬಂದವರಿಗೆ ಮೊದಲ ದಿನವೇ ದೂರುಗಳ ರಾಶಿ ಒಪ್ಪಿಸಬೇಡಿ. ಆ ತಿಂಗಳು ನಡೆದ ಒಳ್ಳೆಯ ಚರ್ಚೆಗಳಲ್ಲಿ ಎರಡನ್ನು ಆರಿಸಿಟ್ಟಿದ್ದು, ಅವುಗಳನ್ನು ಓದಲು ಕೊಡಿ.